ತೊಟ್ಟಿಲ ಕಡ್ಡಿಗಳಿಗೊಂದು ದೀಪ

ಸಣ್ಣದೋ, ದೊಡ್ಡದೋ? ದೀಪಕ್ಕೆ ಕರೆಂಟು ಹದಮಾಡಿ ಕೊಡುವ ಎರಡೂ ಡ್ರೈವರ್‌ಗಳ ಮೈಮೇಲಿನ ಅಂಕಿಗಳು ಒಂದೇ. ಹನ್ನೆರಡು ಎಲ್‌ಇಡಿಗಳನ್ನು ಸಾಲಾಗಿ ಬೆಸೆದರೆ ಮೂವತ್ತಾರು ವೋಲ್ಟ್ ಬೇಕು, ಎರಡೂ ಕೊಡುತ್ತವೆ. ಸಣ್ಣದು ಬೆಂಕಿಪೊಟ್ಟಣದಷ್ಟು, ದೀಪದ ಡಬ್ಬಿಯೊಳಗೆ ಅಚ್ಚುಕಟ್ಟಾಗಿ ಕೂರುತ್ತದೆ. ದೊಡ್ಡದರಲ್ಲಿ ಬೆಳಕು ನಡುಗಲ್ಲ ಎಂದು ಅಂಗಡಿಯವನು ಹೇಳಿದ್ದ. ಆದರೆ ಅದು ಡಬ್ಬಿಯ ಹೊರಗೆ ಉಬ್ಬಿಕೊಳ್ಳುತ್ತದೆ, ಮಾವ ನೋಡಿ ನಗುತ್ತಾರೆ. ಅಳಿಯ ಎರಡನ್ನೂ ಅಂಗೈಯಲ್ಲಿ ತೂಗಿ ತೂಗಿ, ಕೊನೆಗೆ ನಗುವಿಗೆ ಹೆದರಿ ಸಣ್ಣದನ್ನೇ ಬೆಸೆದ.

ಮಾವ ನಲವತ್ತು ವರ್ಷದಿಂದ ಲೇತಿನಲ್ಲಿ ಮರ ಕಡೆಯುವವರು. ಮಗಳು ಈಗ ಏಳು ತಿಂಗಳ ಬಸುರಿ. ಮೊಮ್ಮಗುವಿನ ತೊಟ್ಟಿಲು ತಮ್ಮ ಕೈಯಿಂದಲೇ ಆಗಬೇಕೆಂದು ಹಟ. ಬೇಕಾದದ್ದು ಇಪ್ಪತ್ತನಾಲ್ಕು ಕಡ್ಡಿ. ಕಡೆದದ್ದು ಮೂರು, ಕೆಟ್ಟದ್ದೂ ಮೂರು. ಪೆನ್ಸಿಲ್ ಗೆರೆ ಕಣ್ಣಿಗೆ ಹತ್ತುತ್ತಿರಲಿಲ್ಲ. ಇನ್ನೊಂದು ಕೆಟ್ಟರೆ ಅಂಗಡಿ ತೊಟ್ಟಿಲೇ ಗತಿ ಎಂದು ಹೇಳಿ, ಉಳಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಟ್ಟಿದ್ದರು. ಅದಕ್ಕೇ ಅಳಿಯ ಲೇತಿಗೊಂದು ದೀಪ ಮಾಡಲು ಕೂತದ್ದು.

ಕಿಟಕಿ ಮುಚ್ಚಿ, ಹಳೆಯ ಟ್ಯೂಬ್ ಆರಿಸಿ, ಅಳಿಯ ಹೊಸ ದೀಪ ಹಾಕಿದ. ಮಾವ ಬಗ್ಗಿ ನೋಡಿದರು.

"ಗೆರೆ ಕಾಣ್ತಿದೆ ಅಳಿಯಂದ್ರೇ. ಗೆರೆ ದಾಟ್ತಿರೋ ಇರುವೆನೂ ಕಾಣ್ತಿದೆ."

ಮರವನ್ನು ಕಚ್ಚಿಹಿಡಿಯುವ ಮೂರು ಹಲ್ಲಿನ ಚಕ್ ತಿರುಗತೊಡಗಿತು. ಮಾವ ವೇಗ ಏರಿಸಿದರು. ಇದ್ದಕ್ಕಿದ್ದಂತೆ ಮೂರು ಹಲ್ಲುಗಳೂ ಕದಲದೆ ನಿಂತುಬಿಟ್ಟವು. ಮೋಟಾರು ಮಾತ್ರ ಗುಂಯ್ ಎನ್ನುತ್ತಿತ್ತು. ಬೆಲ್ಟ್ ಜಾರಿರಬೇಕು, ಒಂದು ಸಲ ತಳ್ಳಿದರಾಯಿತು ಎಂದುಕೊಂಡು ಅಳಿಯ ಕೈ ಚಾಚಿದ.

ಮಾವನ ಕೈಯಲ್ಲಿದ್ದ ಉಳಿಯ ಹಿಡಿ ಅವನ ಮಣಿಕಟ್ಟಿಗೆ ಫಟ್ಟನೆ ಬಿತ್ತು.

"ಕೈ ತೆಗಿಯೋ!"

ಮಾವ ಸ್ವಿಚ್ ಆರಿಸಿದರು. ನಿಂತಂತಿದ್ದ ಚಕ್ ಆಗ ಹಿಂದಕ್ಕೆ ತಿರುಗಿದಂತೆ ಕಂಡಿತು. ಎಷ್ಟೋ ಹೊತ್ತಿನ ಮೇಲೆ ನಿಜವಾಗಿ ನಿಂತಿತು. ಅಳಿಯ ಎರಡು ಹೆಜ್ಜೆ ಹಿಂದೆ ಸರಿದ.

"ಅದು ಗಾಳಿ ಕೊಯ್ಯೋ ಸದ್ದು ಕೇಳಿಸ್ಲಿಲ್ವಾ?" ಎಂದರು ಮಾವ, ದನಿ ತಗ್ಗಿಸಿ. "ನಾನು ಅದನ್ನ ನೋಡೋದೇ ಕಿವಿಯಿಂದ. ಕಣ್ಣು ಮಂಜಾಗಿರೋದು ನಂಗೆ, ಮೋಸ ಹೋದದ್ದು ನೀನು."

ಅಳಿಯ ಮೊಬೈಲ್ ಕ್ಯಾಮೆರಾ ತೆರೆದು ದೀಪಕ್ಕೆ ಹಿಡಿದ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದವು. ದೀಪ ಸೆಕೆಂಡಿಗೆ ನೂರು ಸಲ ಮಿಟುಕುತ್ತಿತ್ತು. ಪ್ರತಿ ಮಿಟುಕಿಗೂ ಒಂದು ಹಲ್ಲಿನ ಜಾಗಕ್ಕೆ ಸರಿಯಾಗಿ ಇನ್ನೊಂದು ಬಂದಿರುತ್ತಿತ್ತು, ಅದಕ್ಕೇ ತಿರುಗುತ್ತಿದ್ದ ಚಕ್ ನಿಂತಂತೆ ಕಂಡಿತ್ತು.

"ತಪ್ಪು ನಂದೇ, ಮಾವ. ದೊಡ್ಡ ಡ್ರೈವರ್ ಹಾಕ್ಬೇಕಿತ್ತು. ಡಬ್ಬಿ ಉಬ್ಬುತ್ತೆ, ನೀವು ನಗ್ತೀರಿ ಅಂತ..."

ಮಾವ ಅವನನ್ನು ದಿಟ್ಟಿಸಿದರು. ಆಮೇಲೆ ಮೀಸೆಯ ಮೇಲಿನ ಮರದ ಪುಡಿ ಉದುರುವ ಹಾಗೆ ನಕ್ಕರು. ಅವನಿಗೂ ನಗು ಬಂತು.

ಮಧ್ಯಾಹ್ನದ ಹೊತ್ತಿಗೆ ದೊಡ್ಡದು ಕೂತಿತು. ಮೊಬೈಲಿನಲ್ಲಿ ಪಟ್ಟೆಯಿಲ್ಲ. ಯಾವ ವೇಗದಲ್ಲೂ ಚಕ್ ಬೆಳ್ಳಿಯ ಮಂಜಿನಂತೆ ಗರಗರ ತಿರುಗಿತು. ಉಬ್ಬಿದ ಡಬ್ಬಿಯನ್ನು ಮಾವ ತಟ್ಟಿದರು.

"ದೀಪಕ್ಕೂ ಏಳು ತಿಂಗಳು ಕಣೋ."

ನಾಲ್ಕು ದಿನದಲ್ಲಿ ಇಪ್ಪತ್ತನಾಲ್ಕು ಕಡ್ಡಿ ಮುಗಿದವು. ಇಪ್ಪತ್ತೈದನೆಯದನ್ನು ಮಾವ ಸುಮ್ಮನೆ, ಖುಷಿಗೆ ಕಡೆದರು. ತೊಟ್ಟಿಲು ಜೋಡಿಸಿದ ಸಂಜೆ ಹೆಂಡತಿ ಗಂಡನ ಮಣಿಕಟ್ಟು ಹಿಡಿದು, ಇದೇನು ನೀಲಿ ಎಂದು ಕೇಳಿದಳು. ಅವನಿಗಿಂತ ಮೊದಲೇ ಮಾವ ಬಾಯಿ ಹಾಕಿ, ಉಳಿ ಕೈಜಾರಿ ಬಿತ್ತು ಕಣಮ್ಮ ಎಂದರು. ತಲೆಯೆತ್ತದೆ ಕಡ್ಡಿ ಉಜ್ಜುತ್ತಲೇ ಇದ್ದರು.

ಅವಳು ತೊಟ್ಟಿಲೊಳಗೆ ಒಂದು ದಿಂಬು ಇಟ್ಟಳು. ಅವನು ಹತ್ತೂ ಬೆರಳುಗಳಿಂದ ಅಂಚು ಹಿಡಿದು ಮೆಲ್ಲನೆ ತೂಗಿದ. ಆ ದಿನ ಚಕ್ ನಿಂತಂತೆ ಕಂಡಿತ್ತೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.