ಬೀರಣ್ಣನ ಎಂಟು ತುಂಡಿನ ತೋಪು

ಬೆಳಗಾಗುತ್ತಲೇ ದೊಡ್ಡಬೀರಯ್ಯ ಪಟ್ಟಲದಮ್ಮನ ಗುಡಿಯ ಪಕ್ಕದ ಮರಳಿನಲ್ಲಿ ಒಂದು ಗುಡ್ಡ ಕಟ್ಟುತ್ತಿದ್ದ. ಜ್ವರ ಬಂದ ದಿನವೂ, ತಮ್ಮನ ಮದುವೆಯ ದಿನವೂ ಅದು ತಪ್ಪಲಿಲ್ಲ. ಗುಡ್ಡದ ನೆತ್ತಿಯಲ್ಲಿ ಐದು ಹುಣಸೆ ಬೀಜ, ಅದರಾಚೆ ಒಂದು ಹಿಡಿ ಹೊಂಗೆ ಬೀಜ, ಈಚೆ ಬುಡದಲ್ಲಿ ಎಂಟು ಮಣ್ಣಿನ ಹೇಸರಗತ್ತೆ. ಒಂದೊಂದರ ಬೆನ್ನ ಮೇಲೂ ಒಂದೊಂದು ಮರದ ತುಂಡು. ಎಂಟನ್ನೂ ಇಳಿಸಿ ಜೋಡಿಸಿದರೆ ಗೇಣುದ್ದದ ತೋಪು.

ಬಂಡೂರಿನಲ್ಲಿ ಕುರಿ ಕಾಯುತ್ತಿದ್ದವನು ಯುದ್ಧ ಬಂದಾಗ ದಂಡಿಗೆ ಸೇರಿದ. ಪ್ರಾಣಿಗಳನ್ನು ಬಲ್ಲವನೆಂದು ಅವನ ಕೈಗೆ ಹೇಸರಗತ್ತೆಯ ಹಗ್ಗ ಕೊಟ್ಟರು. ಬರ್ಮಾದಲ್ಲಿ ಲಾರಿ ಹತ್ತಲಾರದ ಬೆಟ್ಟಗಳಿಗೆ ಕಾಲಾಳುಗಳ ಹಿಂದೆಯೇ ತೋಪನ್ನು ಬಿಚ್ಚಿ, ಹೇಸರಗತ್ತೆಗಳ ಮೇಲೆ ಹೇರಿ, ಹತ್ತಿಸಿ, ಮತ್ತೆ ಜೋಡಿಸಿ ಹೊಡೆಯಬೇಕಿತ್ತಂತೆ. ಯುದ್ಧ ಮುಗಿದು ಊರಿಗೆ ಬಂದ ಮೇಲೂ, ಕಡುಬೇಸಗೆಯಲ್ಲೂ ಉಣ್ಣೆಯ ಕೋಟಿಗೆ ಕತ್ತಿನವರೆಗೆ ಗುಂಡಿ ಹಾಕಿಕೊಂಡು, ಬಲಗೈಯನ್ನು ಕೊಂಚ ಹಿಂದಕ್ಕೆ ಬಿಟ್ಟು, ಹಿಂದೆ ಯಾವುದೋ ಪ್ರಾಣಿ ಬರುತ್ತಿದೆಯೆಂಬಂತೆ ನಡೆಯುತ್ತಿದ್ದ. ತಮ್ಮನ ಹೆಂಡತಿ ತಟ್ಟೆಯನ್ನು ಜಗಲಿಗೇ ತಂದಿಡುತ್ತಿದ್ದಳು, ಜೊತೆಗೆ ಕೂರುವವರಿರಲಿಲ್ಲ.

ಜೊತೆಯಲ್ಲಿ ಕುರಿ ಕಾಯ್ದ ಹುಚ್ಚೀರಯ್ಯ ಮಾತ್ರ ನಿಂತು ಕೆಣಕುತ್ತಿದ್ದ.

"ಏಸರಗತ್ತೆ ಅಂತೀಯ, ನಮ್ ಬಂಡೂರು ಕುರಿ ಇದ್ದಂಗವೆ ಕಣ್ಲಾ. ಕುರಿ ಕಟ್ಕಂಡು ಬರ್ಮಾ ಗೆದ್ದೇನ್ಲಾ?"

"ಗೆದ್ದೋರು ಬ್ಯಾರೆಯೋರು. ನಾನು ಅಗ್ಗ ಇಡ್ಕಂಡಿದ್ದೆ."

ಗುಡಿಯಲ್ಲಿ ಅಮ್ಮನಿಗೆ ಹೂವಿಟ್ಟು ಬರುವಾಗ ನಾನು ಅವನ ಬಳಿ ಕೂರುತ್ತಿದ್ದೆ. ಎಷ್ಟೋ ದಿನಗಳ ಮೇಲೆ ಹೇಳಿದ. ಒಂದು ಬೆಟ್ಟದ ಮೇಲೆ ಇವರ ದಂಡಿನ ಐದು ಜನ ತೋಪಿಗೆ ಕಾಯುತ್ತಿದ್ದರು. ದಾರಿಯಲ್ಲಿ ಹಳ್ಳ ಸಿಕ್ಕಿತು. ನೀರು ಕಂಡ ಪ್ರಾಣಿಯನ್ನು ಬಾಯಾರಿದ ಹಾಗೇ ಏರು ಹತ್ತಿಸಬಾರದೆಂಬುದು ಕುರಿ ಕಾಯುವವರ ಧರ್ಮ. ಮುಂದಿನ ಹಗ್ಗ ಇವನ ಕೈಯಲ್ಲಿತ್ತು. ಇವನು ನಿಂತ, ಹಿಂದಿನ ಏಳೂ ನಿಂತವು. ಒಂದು ಸಲ ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ತೋಪು ನೆತ್ತಿ ಸೇರುವಾಗ ಜಪಾನಿನವರು ಮೊದಲೇ ಬಂದು ಹೋಗಿದ್ದರು, ಕಾಯುತ್ತಿದ್ದವರಲ್ಲಿ ಒಬ್ಬರೂ ಉಳಿದಿರಲಿಲ್ಲ. ದಂಡಿನ ಸಾಹೇಬ ತಡವೇಕೆಂದು ಇವನನ್ನು ಕೇಳಲಿಲ್ಲ.

ಅದಕ್ಕೇ ಈ ಆಟ. ಕವಡೆ ಬಿದ್ದಷ್ಟು ಹೆಜ್ಜೆ ಕತ್ತೆಗಳು ಏರಬೇಕು. ಹಳ್ಳದ ಗೆರೆಯಲ್ಲಿ ಒಂದು ಸರದಿ ನಿಲ್ಲಬೇಕು. ನೀರು ಕುಡಿಸಿಯೂ ತೋಪು ಹೊತ್ತಿಗೆ ಮುಟ್ಟಿದ್ದನ್ನು ಒಂದೇ ಒಂದು ಸಲ ಕಾಣಬೇಕು, ಅಷ್ಟೆ. ಹೊಂಗೆ ಬೀಜ ಅಂದರೆ ಆಚೆಯಿಂದ ಏರಿ ಬರುವ ಜಪಾನಿನವರು, ಅವರ ಕಡೆಗೆ ನಾನು ಕವಡೆ ಹಾಕುತ್ತಿದ್ದೆ. ವರುಷ ತಿರುಗಿದರೂ ಅವನು ಗೆದ್ದಿರಲಿಲ್ಲ.

ಆವತ್ತು ನೆತ್ತಿಯಲ್ಲಿ ಏಳು ತುಂಡು ಜೋಡಿಯಾಗಿ ಒಂದೇ ಉಳಿದಿತ್ತು. ಹೊಂಗೆ ಬೀಜಗಳು ನೆತ್ತಿಗೆ ಎರಡು ಬೆರಳು ದೂರ. ಸರದಿ ನನ್ನದು. ಕವಡೆ ಕೆಳಗಿಟ್ಟೆ.

"ಬೀರಣ್ಣ, ಈ ಸರದಿ ನಾನು ಬಿಟ್ಟೆ. ನೀನೇ ಆಡು."

ಬೇರೆಯವರು ವಿಚಾರಿಸದೆ ಬಿಟ್ಟ ತಪ್ಪನ್ನು ತಾವೇ ದಿನವೂ ವಿಚಾರಿಸುವವರಿದ್ದಾರೆ. ಅಂಥವರಿಗೆ ದಯೆಯಿಂದ ಬಂದ ಗೆಲುವು ಗೆಲುವಲ್ಲ. ಇದು ನನಗೆ ತಿಳಿದದ್ದು ಆವತ್ತೇ. ಬೀರಣ್ಣ ಕವಡೆಗಳನ್ನು ಆಯ್ದು, ಮರಳು ಒರೆಸಿ, ನನ್ನ ಅಂಗೈಗೆ ಹಾಕಿದ.

"ಬ್ಯಾಡ ಕಣ್ ತಾಯಿ. ಜಪಾನ್ನೋರು ಸರದಿ ಬುಟ್ಟಿರ್ನಿಲ್ಲ. ಕವಡೆ ಆಕು."