ದೀಕ್ಷಿತಾಳ ಕೈ ಮುಟ್ಟಿ ನೋಡಿ

ನಮ್ಮ ಕುಂಜತ್ತೂರಿನಲ್ಲಿ ಯಾರಿಗಾದರೂ ಮೈ ತುರಿಸಿದರೆ ಡಾಕ್ಟರಿಗಿಂತ ಮೊದಲು ನೆರೆಮನೆಯವರು ಚೀಟಿ ಬರೆಯುತ್ತಾರೆ. ಆ ಚೀಟಿಯಲ್ಲಿ ಮದ್ದು ಇರುವುದಿಲ್ಲ, ಬರೀ ನಂಜು ಇರುತ್ತದೆ. ಬಂಗುಡೆ ಮೀನು ನಂಜು, ಬದನೆ ನಂಜು, ಮೊಟ್ಟೆ ನಂಜು, ಹಲಸು ನಂಜು. ತಿಂದರೆ ಮೈಯಲ್ಲಿರುವುದೆಲ್ಲ ಕೆರಳುತ್ತದಂತೆ. ಇಂಥ ಚೀಟಿ ಬರೆಯುವುದರಲ್ಲಿ ಊರಿಗೇ ಮುಂದೆ ಇದ್ದವಳು ನಾನು, ಕಿನ್ನಿ. ಆದ್ದರಿಂದ ಈ ಕಥೆಯನ್ನು ನಾನೇ ಹೇಳಬೇಕು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಹೆದ್ದಾರಿಯ ಬದಿಯಲ್ಲಿ ಕುಟುಂಬಶ್ರೀ ಎಂಬ ಕೇರಳದ ಮಹಿಳಾ ಸ್ವಸಹಾಯ ಸಂಘದ ನಾವು ಐದು ಹೆಂಗಸರು ಸೇರಿ ಒಂದು ಊಟದ ಹೋಟೆಲು ನಡೆಸುತ್ತೇವೆ. ಅಲ್ಲಿ ಒಲೆ ದೀಕ್ಷಿತಾಳದ್ದು. ಇನ್ನೂ ಮೂವತ್ತು ದಾಟಿಲ್ಲ. ಗಂಡ ಲತೀಶ್ ದುಬೈಯಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಾನೆ. ಅವಳ ಮೀನುಸಾರಿಗಾಗಿ ಗಡಿಯ ತಲಪಾಡಿಯ ಆಚೆಯಿಂದಲೂ ಜನ ಬರುತ್ತಾರೆ. ಮನೆಯಲ್ಲಿ ತಲೆ ತಗ್ಗಿಸಿ ಓಡಾಡುವ ಹುಡುಗಿ ಒಲೆಯ ಮುಂದೆ ಮಾತ್ರ ಯಾರಿಗೂ ಸೊಪ್ಪು ಹಾಕುವವಳಲ್ಲ.

ಕಳೆದ ಮಳೆಗಾಲ ಮುಗಿಯುವಾಗ ಅವಳಿಗೆ ತುರಿಕೆ ಶುರುವಾಯಿತು. ಬೆಳಿಗ್ಗೆ ಎದ್ದರೆ ಕೈ, ಹೊಟ್ಟೆ, ಬೆನ್ನ ಮೇಲೆ ಕೆಂಪು ದದ್ದುಗಳು. ತುರಿಸಿದರೆ ಮೆಣಸು ಅರೆದು ಹಚ್ಚಿದ ಹಾಗೆ ಉರಿ. ಮಧ್ಯಾಹ್ನದ ಹೊತ್ತಿಗೆ ಒಂದು ಕಲೆಯೂ ಇಲ್ಲ. ಮರುದಿನ ಬೇರೆ ಜಾಗದಲ್ಲಿ ಮತ್ತೆ ಅದೇ ಪಾಡು. ಎರಡು ಸಲ ಕ್ಲಿನಿಕ್ಕಿಗೆ ಹೋದಳು. ಸರದಿ ಬರುವಾಗ ಮೈ ನುಣ್ಣಗಿರುತ್ತಿತ್ತು. ತೋರಿಸಲು ಏನೂ ಇಲ್ಲದೆ ವಾಪಸು ಬಂದಳು. ಎಲ್ಲ ಇವಳ ಭ್ರಮೆ ಎಂದು ಅತ್ತೆ ಗೊಣಗಿದರು.

ನಾವು ಬಿಟ್ಟೇವೆಯೇ? ನಾನು ಅವಳು ಬಂಗುಡೆ ತಿನ್ನುವುದನ್ನು ಬಿಡಿಸಿದೆ. ಒಬ್ಬಳು ಬದನೆ ಬಿಡಿಸಿದಳು, ಇನ್ನೊಬ್ಬಳು ಮೊಟ್ಟೆ, ಮತ್ತೊಬ್ಬಳು ನೆಲಕಡಲೆ. ಲತೀಶ್ ಯಾರದೋ ಕೈಯಲ್ಲಿ ಒಂದು ಮುಲಾಮಿನ ಟ್ಯೂಬು ಕಳುಹಿಸಿದ. ಅವನ ರೂಮಿನವನಿಗೆ ಅದರಿಂದ ಒಳ್ಳೆಯದಾಗಿತ್ತಂತೆ. ಅದನ್ನೂ ಹಚ್ಚಿದಳು. ಎರಡು ತಿಂಗಳಾಗುವಾಗ ದೀಕ್ಷಿತಾಳ ಬಟ್ಟಲಲ್ಲಿ ಗಂಜಿ ಮತ್ತು ಉಪ್ಪು ಮಾತ್ರ ಉಳಿದಿತ್ತು. ಊರಿಗೆಲ್ಲ ಬಡಿಸುವವಳು ಒಣಗಿ ಕಡ್ಡಿಯಾದಳು. ತುರಿಕೆ ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಒಂದು ದಿನ ಹೊತ್ತಿಗೆ ಮೊದಲೇ ಊಟಕ್ಕೆ ಬಂದು ಕುಳಿತಿದ್ದ ಗಿರಾಕಿಯೊಬ್ಬರು, ಉಡುಪಿನ ತೋಳು ಸರಿದಾಗ ಅವಳ ಕೈಯಲ್ಲಿ ಕಂಡ ದದ್ದು ನೋಡಿ ತಟ್ಟೆ ಸರಿಸಿ ಎದ್ದುಹೋದರು. ಆ ಸಂಜೆ ಬಾಯಿ ತೆರೆದವಳು ನಾನೇ. ಇದು ಎಲ್ಲರಿಗೂ ಅಂಟಿದರೆ ಹೋಟೆಲು ಮುಚ್ಚಬೇಕಾದೀತು, ಗುಣವಾಗುವವರೆಗೆ ದೀಕ್ಷಿತಾ ಮನೆಯಲ್ಲಿರಲಿ, ಒಲೆ ನಾನು ನೋಡಿಕೊಳ್ಳುತ್ತೇನೆ ಎಂದೆ. ಉಳಿದವರು ತಲೆಯಾಡಿಸಿದರು. ತಿಂಗಳ ಕೊನೆಯ ಶನಿವಾರದ ಮೀಟಿಂಗಿನಲ್ಲಿ ತೀರ್ಮಾನ ಮಾಡುವುದೆಂದಾಯಿತು.

ದೀಕ್ಷಿತಾ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೈ ಒರೆಸಿಕೊಂಡು ನನ್ನ ಎದುರು ಬಂದು ನಿಂತಳು.

“ಕಿನ್ನಿಯಕ್ಕ, ಇದು ಎಂತ ಅಂತ ನಿಮಗೆ ಗೊತ್ತುಂಟಾ? ಇಲ್ಲ. ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಹೆದರಿ ನಾನು ಒಲೆ ಬಿಡುದಿಲ್ಲ. ಮೀಟಿಂಗಿನ ದಿನ ಗೊತ್ತು ಮಾಡಿಕೊಂಡೇ ಬರ್ತೇನೆ.”

ಮರುದಿನವೇ ಅವಳು ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ರಮ್ಯಶ್ರೀಯ ಮನೆಗೆ ಹೋದಳು. ರಮ್ಯಶ್ರೀ ಮೊದಲು ಆ ಟ್ಯೂಬನ್ನು ದೂರ ಇಡಿಸಿದಳು. ಒಬ್ಬರಿಗೆ ಬರೆದ ಮದ್ದು ಇನ್ನೊಬ್ಬರ ಚರ್ಮವನ್ನು ಹಾಳು ಮಾಡಬಹುದು ಎಂದು ಬೈದಳು. ಆಮೇಲೆ ಒಂದು ಉಪಾಯ ಹೇಳಿಕೊಟ್ಟಳು.

“ದದ್ದು ಡಾಕ್ಟರಿಗೆ ಕಾದು ಕೂತುಕೊಳ್ಳುದಿಲ್ಲ ಮಾರಾಯ್ತಿ. ಎದ್ದ ಕೂಡ್ಲೆ ಮೊಬೈಲಲ್ಲಿ ಫೋಟೋ ತೆಗಿ. ಒಂದು ದದ್ದಿನ ಸುತ್ತ ಪೆನ್ನಲ್ಲಿ ಗೆರೆ ಹಾಕು. ಅದು ಎಷ್ಟು ಗಂಟೆಗೆ ಮಾಯ ಆಗ್ತದೆ ಅಂತ ಬರೆದಿಡು.”

ಹತ್ತು ದಿನ ದೀಕ್ಷಿತಾ ಹಾಗೆಯೇ ಮಾಡಿದಳು. ಮೀಟಿಂಗಿನ ದಿನ ಬೆಳಿಗ್ಗೆ ಇಬ್ಬರೂ ಸರಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರಲ್ಲಿಗೆ ಹೊರಟರು. ನಾನೂ ಬಸ್ಸು ಹತ್ತಿದೆ. ಸಹಾಯಕ್ಕಲ್ಲ, ಸುಳ್ಳು ಹಿಡಿಯುವುದಕ್ಕೆ. ಡಾಕ್ಟರಮ್ಮನ ಮಾತು ಅರ್ಧ ಮಲಯಾಳ, ಅರ್ಧ ಕನ್ನಡ. ಅರ್ಥವಾಗದ ಕಡೆ ರಮ್ಯಶ್ರೀ ಹೇಳಿಕೊಡುತ್ತಿದ್ದಳು.

ಡಾಕ್ಟರಮ್ಮ ಒಂದೊಂದೇ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಒಂದು ದದ್ದೂ ಒಂದು ಹಗಲು ರಾತ್ರಿಗಿಂತ ಹೆಚ್ಚು ನಿಂತಿಲ್ಲ, ಕಲೆ ಬಿಟ್ಟಿಲ್ಲ ಎಂಬುದನ್ನು ಗುರುತು ಮಾಡಿಕೊಂಡರು. ಮೊಂಡು ಕಡ್ಡಿಯೊಂದರಿಂದ ಅವಳ ಮುಂಗೈ ಮೇಲೆ ಮೆಲ್ಲಗೆ ಗೀರಿದರು. ನಾವು ನೋಡುತ್ತಿದ್ದ ಹಾಗೆಯೇ ಆ ಗೆರೆ ಕೆಂಪಾಗಿ ಉಬ್ಬಿ ನಿಂತಿತು. ಭ್ರಮೆಯಾಗಿದ್ದರೆ ಚರ್ಮ ಹೀಗೆ ಉಬ್ಬುತ್ತಿತ್ತೇ?

ಇದು ಪಿತ್ತಗಂಧೆ ಎಂದು ಡಾಕ್ಟರಮ್ಮ ವಿವರಿಸಿದರು. ಆರು ವಾರಕ್ಕಿಂತ ಹೆಚ್ಚು ಕಾಲ ಹೀಗೆ ಬಂದು ಹೋಗುತ್ತಿದ್ದರೆ, ಎಷ್ಟೋ ಸಲ ಹೊರಗಿನ ಕಾರಣ ಯಾವುದೂ ಸಿಗುವುದಿಲ್ಲವಂತೆ. ರೋಗಗಳಿಂದ ನಮ್ಮನ್ನು ಕಾಯುವ ಶಕ್ತಿಯೊಂದು ದೇಹದಲ್ಲಿದೆ. ಕೆಲವರಲ್ಲಿ ಅದು ದಾರಿ ತಪ್ಪಿ, ಮನೆ ಕಾಯುವ ನಾಯಿ ಮನೆಯವರಿಗೇ ಬೊಗಳಿದ ಹಾಗೆ, ಸ್ವಂತ ದೇಹದ ಮೇಲೆ ತಿರುಗುತ್ತದೆ. ದೀಕ್ಷಿತಾಳಿಗೂ ಹಾಗೆ ಆಗಿರಬಹುದು, ಖಂಡಿತ ಎನ್ನುವ ಹಾಗಿಲ್ಲ ಎಂದರು. ರಕ್ತದ ಪರೀಕ್ಷೆಗೆ ಬರೆದರು, ಥೈರಾಯ್ಡನ್ನೂ ನೋಡಬೇಕೆಂದರು. ಕಜ್ಜಿಯಂಥ ಕೆಲವು ತುರಿಕೆ ಅಂಟುತ್ತದೆ, ಆದ್ದರಿಂದಲೇ ಊಹೆ ಮಾಡದೆ ತೋರಿಸಬೇಕು. ಇದು ಮಾತ್ರ ಅಂಟುವುದಿಲ್ಲ ಎಂದು ಒತ್ತಿ ಹೇಳಿದರು.

ನನಗೆ ಸುಮ್ಮನಿರಲಾಗಲಿಲ್ಲ. “ಮೀನು ನಂಜಲ್ವಾ ಡಾಕ್ಟ್ರೆ?” ಎಂದು ಕೇಳಿಯೇಬಿಟ್ಟೆ.

ಅವರು ದೀಕ್ಷಿತಾಳ ಕಡೆ ತಿರುಗಿದರು. “ಮೀನು ಬಿಟ್ಟು ಎಷ್ಟು ಸಮಯ ಆಯಿತು?”

“ಎರಡು ತಿಂಗಳು.”

“ತುರಿಕೆ ಬಿಟ್ಟಿತಾ?”

ದೀಕ್ಷಿತಾ ಇಲ್ಲವೆಂದು ತಲೆಯಾಡಿಸಿದಳು. ಅಷ್ಟು ಸಣ್ಣ ಪ್ರಶ್ನೆ ಎರಡು ತಿಂಗಳಲ್ಲಿ ನಮಗೆ ಯಾರಿಗೂ ಹೊಳೆದಿರಲಿಲ್ಲ. ತಿಂದ ಕೂಡಲೇ ಪ್ರತಿ ಸಲ ತೊಂದರೆ ಕೊಡುವ ತಿಂಡಿ ಇದ್ದರೆ ಹೇಳು, ಇಲ್ಲದಿದ್ದರೆ ಎಲ್ಲವನ್ನೂ ತಿನ್ನು ಎಂದು ಡಾಕ್ಟರಮ್ಮ ಅವಳಿಗೆ ಹೇಳಿದರು. ಮಾತ್ರೆ ದಿನಾ ರಾತ್ರಿ, ತುರಿಸಿದರೂ ತುರಿಸದಿದ್ದರೂ. ಕಡಿಮೆಯಾಯಿತೆಂದು ಅವಳಾಗಿಯೇ ನಿಲ್ಲಿಸಬಾರದು.

ಸಂಜೆ ನಾಲ್ಕಕ್ಕೆ ಮೀಟಿಂಗು. ಎರಡು ತಿಂಗಳಿಂದ ಉದ್ದ ತೋಳಿನೊಳಗೆ ಕೈ ಮುಚ್ಚಿಕೊಳ್ಳುತ್ತಿದ್ದ ದೀಕ್ಷಿತಾ ಅಂದು ಗಿಡ್ಡ ತೋಳಿನ ಚೂಡಿದಾರ ಹಾಕಿಕೊಂಡು ಬಂದಳು. ಡಾಕ್ಟರ ಚೀಟಿಯನ್ನು ಮೇಜಿನ ಮೇಲಿಟ್ಟಳು. ಎಲ್ಲ ಇಂಗ್ಲಿಷಿನಲ್ಲಿತ್ತು. ಯಾರೂ ಕೈಗೆತ್ತಿಕೊಳ್ಳಲಿಲ್ಲ.

“ಅದು ಬೇಡ. ನಿಮಗೆ ಓದ್ಲಿಕ್ಕೆ ಆಗುವ ಹಾಗೆ ಬರಿತೇನೆ” ಎಂದು ಅವಳು ಒಂದು ಚಮಚ ತೆಗೆದುಕೊಂಡಳು. ಅದರ ಹಿಡಿಯ ತುದಿಯಿಂದ ತನ್ನ ಮುಂಗೈ ಮೇಲೆ ಮೆಲ್ಲಗೆ ಗೀರತೊಡಗಿದಳು. ನಾನು ಬೇಡವೆಂದೆ. ಉರಿಯುತ್ತದೆಂದು ಗೊತ್ತಿದ್ದೂ ಅವಳು ನಿಲ್ಲಿಸಲಿಲ್ಲ. ಕೈಯನ್ನು ಮೇಜಿನ ಮೇಲಿಟ್ಟು ನಮ್ಮನ್ನೇ ನೋಡುತ್ತ ಕುಳಿತಳು. ಐದು ನಿಮಿಷವಾಗಿರಬಹುದು. ಅಕ್ಷರಗಳು ಕೆಂಪಾಗಿ ಉಬ್ಬಿ ಬಂದವು. ‘ಅಂಟುವುದಿಲ್ಲ.’

“ಈಗ ಮುಟ್ಟಿ. ಕಿನ್ನಿಯಕ್ಕನಿಂದಲೇ ಶುರುವಾಗ್ಲಿ.”

ನಾನು ಎದ್ದು ಹೋಗಿ ಆ ಅಕ್ಷರಗಳ ಮೇಲೆ ಅಂಗೈ ಇಟ್ಟೆ. ಅವಳ ಕೈ ಬಿಸಿಯಾಗಿತ್ತು. ಈ ಉರಿಯನ್ನು ಹೊತ್ತುಕೊಂಡೇ ಅವಳು ದಿನಾ ಬೆಂಕಿಯ ಮುಂದೆ ನಿಂತಿದ್ದಳಲ್ಲ ಎಂದು ನೆನೆದು ನನಗೆ ಅಳು ಬಂತು. ತಪ್ಪು ನನ್ನದು ಎಂದು ಎಲ್ಲರ ಮುಂದೆ ಹೇಳಿದೆ. ಉಳಿದವರೂ ಒಬ್ಬೊಬ್ಬರಾಗಿ ಮುಟ್ಟಿದರು. ಅಂದು ನಮ್ಮಲ್ಲಿ ತೀರ್ಮಾನಕ್ಕೆ ಕೈ ಎತ್ತಿಸುವ ಅಗತ್ಯ ಬೀಳಲಿಲ್ಲ, ಒಲೆ ಅವಳದ್ದಾಗಿಯೇ ಉಳಿಯಿತು.

ದೀಕ್ಷಿತಾಳಿಗೆ ಪೂರ್ತಿ ಗುಣವಾಯಿತೆಂದು ನಾನು ಸುಳ್ಳು ಹೇಳುವುದಿಲ್ಲ. ಮಾತ್ರೆಯಿಂದ ತುರಿಕೆ ಬಹಳ ಇಳಿದಿದೆ. ಕೆಲವು ದಿನ ಬೆಳಿಗ್ಗೆ ಈಗಲೂ ದದ್ದು ಏಳುತ್ತದೆ. ಅವಳು ಫೋಟೋ ತೆಗೆದಿಟ್ಟುಕೊಂಡು ಕೆಲಸಕ್ಕೆ ಬರುತ್ತಾಳೆ, ನಮ್ಮ ಜೊತೆ ಹೊಟ್ಟೆ ತುಂಬ ಉಣ್ಣುತ್ತಾಳೆ. ಮೊನ್ನೆ ಗಿರಾಕಿಯೊಬ್ಬರು ಅವಳ ಕೈ ನೋಡಿ ಮುಖ ಹುಳಿ ಮಾಡಿದರು. ನಾನು ಸೌಟು ಹಿಡಿದುಕೊಂಡೇ ಅವರ ಹತ್ತಿರ ಹೋದೆ.

“ಅದು ಅಂಟುವ ರೋಗ ಅಲ್ಲ. ಊಟ ಬೇಕಾದ್ರೆ ಕೂತುಕೊಳ್ಳಿ. ಹೆದರಿಕೆ ಆದ್ರೆ ನೀವು ಹೋಗಬಹುದು, ಅವಳು ಹೋಗುದಿಲ್ಲ.”

ಅವರು ಕುಳಿತರು.

ಓದುತ್ತಿರುವ ಅಕ್ಕ, ತಂಗಿ, ಅಣ್ಣ, ಇನ್ನು ನಿಮಗೊಂದು ಮಾತು. ಕಾರಣ ತಿಳಿಯದ ತುರಿಕೆ, ಉರಿ ವಾರಗಟ್ಟಲೆ ಬಿಡದಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಫೋಟೋ ಇರುವ ಮೊಬೈಲನ್ನೂ ಹಿಡಿದುಕೊಂಡು ಹೋಗಿ. ಮತ್ತೊಬ್ಬರ ಟ್ಯೂಬು ಹಚ್ಚಬೇಡಿ. ನನ್ನಂಥವರ ಮಾತು ಕೇಳಿ ಹಸಿದು ಕೂರಬೇಡಿ. ತುಟಿ, ನಾಲಿಗೆ ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ. ಡಾಕ್ಟರು ಅಂಟುವುದಿಲ್ಲ ಎಂದ ಮೇಲೆ ಯಾರಾದರೂ ನಿಮ್ಮನ್ನು ದೂರ ಕೂರಿಸಲು ಬಂದರೆ ಮೈ ಮುಚ್ಚಿಕೊಂಡು ಮೂಲೆ ಸೇರಬೇಡಿ. ಕಾಯಿಲೆ ಬಂದದ್ದು ನಿಮ್ಮ ತಪ್ಪಲ್ಲ. ನಿಮ್ಮ ಜಾಗ ನಿಮ್ಮದು, ಅಲ್ಲಿಂದ ಏಳಬೇಡಿ.