ಎರಡು ಬಲಗೆನ್ನೆಯ ಜೋಸ್ವಿನ್

ಹೆಚ್ಚಿನವರಿಗೆ ಮುಖಭಂಗವಾಗುವುದು ನಾಲ್ಕು ಜನರ ಎದುರು. ನನಗಾದದ್ದು ಕುವೈತಿನ ಹವಲ್ಲಿಯ ಬಾಡಿಗೆ ಕೋಣೆಯ ಬಚ್ಚಲಿನಲ್ಲಿ, ಬೆಳಗ್ಗೆ ಹಲ್ಲುಜ್ಜುವಾಗ. ಬಾಯಿ ಮುಕ್ಕಳಿಸಿದರೆ ನೀರು ಬೇಸಿನ್ನಿಗೆ ಬೀಳದೆ ತುಟಿಯ ಎಡತುದಿಯಿಂದ ಸೋರಿ ಬನಿಯನ್ನಿನೊಳಗೆ ಇಳಿಯಿತು. ಕನ್ನಡಿ ನೋಡಿದೆ. ಬಲಗಡೆಯ ಜೋಸ್ವಿನ್ ಗಾಬರಿಯಾಗಿದ್ದ. ಎಡಗಡೆಯ ಜೋಸ್ವಿನ್‌ಗೆ ಇನ್ನೂ ಸುದ್ದಿಯೇ ಮುಟ್ಟಿರಲಿಲ್ಲ.

ಮುಖದ ನರ ಸೋತಿದೆ ಎಂದರು ಡಾಕ್ಟರು. ಹೆದರುವಂಥದ್ದಲ್ಲ, ಹೆಚ್ಚಿನವರಿಗೆ ವಾಪಸು ಬರುತ್ತದೆ. ಕೆಲವರಿಗೆ ಮೂರು ವಾರ, ಕೆಲವರಿಗೆ ಆರು ತಿಂಗಳು. "ಮಲಗುವಾಗ ಏಸಿ ಗಾಳಿ ಮುಖಕ್ಕೆ ಬಡಿಯುತ್ತದಾ?" ಎಂದು ಕೇಳಿದರು. ಕುವೈತಿನಲ್ಲಿ ಏಸಿ ಗಾಳಿ ಮುಖಕ್ಕೆ ಬಡಿಯದ ಜಾಗವೆಂದರೆ ನಡುರಸ್ತೆ ಒಂದೇ. ಗುಳಿಗೆ ಬರೆದುಕೊಟ್ಟು, ದಿನಕ್ಕೊಂದು ಫೋಟೋ ತೆಗೆದಿಟ್ಟುಕೊಳ್ಳಿ, ಎಷ್ಟು ಸುಧಾರಿಸಿತೆಂದು ಗೊತ್ತಾಗುತ್ತದೆ ಎಂದರು. ಯಾರಿಗೆ ಹೇಳುತ್ತಿದ್ದಾರೆಂದು ಅವರಿಗೆ ತಿಳಿದಿರಲಿಲ್ಲ.

ಹದಿನಾಲ್ಕು ವರ್ಷದಿಂದ ನನ್ನದು ಅದೇ ಕೆಲಸ. ಹವಲ್ಲಿಯ ಮೊಬೈಲ್ ಅಂಗಡಿಗಳ ಮೇಲಿನ ಮಹಡಿಯಲ್ಲಿ ನಮ್ಮ ಸ್ಟುಡಿಯೋ. ಇಲ್ಲಿ ಇರುವ ಪರವಾನಗಿಯಾದ ಇಕಾಮಾಕ್ಕೆಂದು ಬರುವ ಗಂಡಸರ ಫೋಟೋ ನಾನು ತೆಗೆಯುತ್ತೇನೆ, ಹೆಂಗಸರದ್ದು ಉಪ್ಪಳದ ಕದೀಜಕ್ಕ. ಆಮೇಲೆ ಕಂಪ್ಯೂಟರಿನಲ್ಲಿ ಕೂತು ಎಲ್ಲರನ್ನೂ ತಿದ್ದುವುದು ನಾನು. ಮೊಡವೆ ಒರೆಸುತ್ತೇನೆ, ಕಣ್ಣಿನ ಕೆಳಗಿನ ಕಪ್ಪು ತೆಗೆಯುತ್ತೇನೆ, ಶುವೈಖ್‌ನ ಗ್ಯಾರೇಜಿನಿಂದ ನೇರ ಬಂದವನ ಹಣೆಯಿಂದ ಗ್ರೀಸು ತೊಳೆಯುತ್ತೇನೆ. ಮುಖಸ್ತುತಿಯೇ ನನ್ನ ಹೊಟ್ಟೆಪಾಡು. ವರ್ಷಕ್ಕೆ ನಾಲ್ಕೈದು ಸಂಜೆ ನಮ್ಮವರ ಸಂಘದ ವೇದಿಕೆ ಹತ್ತಿ ಮಿಮಿಕ್ರಿಯನ್ನೂ ಮಾಡುತ್ತಿದ್ದೆ. ಕಿನ್ನಿಗೋಳಿ ಬಸ್ಸಿನ ಕಂಡಕ್ಟರು, ಮೈಕಿಗೆ ಉಗುಳುತ್ತ ಪ್ರಸಂಗ ಮಾಡುವ ಪಾದ್ರಿ, 'ಯಲ್ಲಾ, ಯಲ್ಲಾ' ಎಂದು ಅವಸರಿಸುವ ನಮ್ಮ ಅರಬ್ಬಿ ಧಣಿ ಕಫೀಲ್. ದನಿಗಿಂತ ಮುಖವೇ ನನ್ನ ಬಂಡವಾಳ. ಹುಬ್ಬು ಹಾರಿಸಿದರೆ ಪಾದ್ರಿ, ಗಲ್ಲ ಉಬ್ಬಿಸಿದರೆ ಕಫೀಲ್.

ಆ ಬೆಳಗ್ಗೆಗೆ ಸರಿಯಾಗಿ ಹನ್ನೆರಡು ದಿನ ಬಿಟ್ಟು ಶಿರ್ವದಲ್ಲಿ ನನ್ನ ಮಗಳು ಕ್ರಿಸ್ಟಿನಾಳ ಮೊದಲ ಪರಮಪ್ರಸಾದ, ನಮ್ಮ ಮಾತಿನಲ್ಲಿ ಕುಮ್ಗಾರ್. ರಜೆ ಸಿಕ್ಕಿತ್ತು, ಟಿಕೆಟ್ಟೂ ಆಗಿತ್ತು. ಊಟದ ಹಾಲಿನಲ್ಲಿ ಹತ್ತು ನಿಮಿಷ ಜೋಸ್ವಿನ್‌ನ ನಕಲು ಉಂಟೆಂದು ನನ್ನ ಹೆಂಡತಿ ವೆಲಿಟಾ ಇನ್ನೂರು ಜನಕ್ಕೆ ಹೇಳಿಬಿಟ್ಟಿದ್ದಳು. ಆ ಇನ್ನೂರು ಜನ ನನ್ನ ಮುಖ ನೋಡಿ ಮೊದಲು ನಗುವುದು, ಆಮೇಲೆ ನಕಲಲ್ಲವೆಂದು ತಿಳಿದು ನಗುವುದನ್ನು ನಿಲ್ಲಿಸುವುದು, ಎರಡನ್ನೂ ಮನಸ್ಸಿನಲ್ಲೇ ಕಂಡೆ. ಟಿಕೆಟ್ ರದ್ದು ಮಾಡಿದೆ. ಕಫೀಲ್ ರಜೆ ಕೊಡಲಿಲ್ಲವೆಂದು ಸುಳ್ಳು ಹೇಳಿದೆ. ಪಾಪದ ಮನುಷ್ಯ, ನನ್ನ ಮಗಳಿಗೆಂದು ಒಂದು ಡಬ್ಬ ಖರ್ಜೂರವನ್ನೂ ಕೊಟ್ಟಿದ್ದ.

ವಿಡಿಯೋ ಕಾಲ್‌ಗೆ ಇನ್ನೊಂದು ಸುಳ್ಳು ಬೇಕಾಯಿತು. ಫೋನಿನ ಮುಂದಿನ ಕ್ಯಾಮೆರಾ ಕೆಟ್ಟಿದೆ ಎಂದೆ.

"ನಿನ್ನ ಅಂಗಡಿಯ ಕೆಳಗೆ ಇಪ್ಪತ್ತು ಮೊಬೈಲ್ ರಿಪೇರಿಯವರಿದ್ದಾರೆ ಅಂತ ನೀನೇ ಹೇಳಿದ್ದಲ್ಲ?" ಎಂದಳು ವೆಲಿಟಾ.

"ಪಾರ್ಟ್ ಸಿಗುವುದಿಲ್ಲವಂತೆ."

"ಮಾತು ಯಾಕೆ ಹಾಗೆ? ಬಾಯಿಯಲ್ಲಿ ಎಂತ ಇಟ್ಟುಕೊಂಡಿದ್ದೀ?"

"ಹಲ್ಲು ಕೀಳಿಸಿದೆ."

ತುಟಿ ಎರಡೂ ಸೇರದೆ ಪ, ಬ, ಮ ಸರಿಯಾಗಿ ಬರುತ್ತಿರಲಿಲ್ಲ. ಮಗಳು ನನ್ನನ್ನು ಪಪ್ಪಾ ಎನ್ನದೆ ಡ್ಯಾಡಿ ಎನ್ನುವುದೂ, ಅವಳ ಹೆಸರು ಕ್ರಿಸ್ಟಿನಾ ಆಗಿರುವುದೂ ದೊಡ್ಡ ಉಪಕಾರವಾಯಿತು. ತುಟಿ ಮುಚ್ಚದೆ ನಾವಿಬ್ಬರೂ ಒಬ್ಬರನ್ನೊಬ್ಬರು ಕರೆಯಬಹುದಿತ್ತು.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸ್ಟುಡಿಯೋಕ್ಕೆ ವಿರಾಮ. ಕದೀಜಕ್ಕ ಊಟಕ್ಕೆ ಮನೆಗೆ ಹೋಗುತ್ತಾಳೆ. ನಾನು ಶಟರು ಅರ್ಧ ಎಳೆದು ಕ್ಯಾಮೆರಾದ ಎದುರು ಕೂರುತ್ತಿದ್ದೆ. ಮೊದಲು ಡಾಕ್ಟರು ಹೇಳಿದಂತೆ ದಿನಕ್ಕೊಂದೇ ತೆಗೆದೆ. ಒಂದು ಹತ್ತಾಯಿತು. ಉಂಗುರ, ಬಳೆಗಳ ಫೋಟೋಕ್ಕೆಂದು ಇದ್ದ ಲೆನ್ಸು ಹಾಕಿದೆ. ಹತ್ತಿರ, ಇನ್ನೂ ಹತ್ತಿರ. ಬಾಡಿದ ತುಟಿಯ ಮೂಲೆ, ಮಿಟುಕದ ಕಣ್ಣಿನ ಅಂಚಿನಲ್ಲಿ ನಿಂತ ನೀರು, ಎಂದೂ ಕಾಣದಿದ್ದ ಚರ್ಮದ ತೂತುಗಳು. ಗಿರಾಕಿಗಳ ಮುಖದಿಂದ ಏನೇನು ಒರೆಸುತ್ತಿದ್ದೆನೋ ಅದನ್ನೆಲ್ಲ ನನ್ನ ಮುಖದಲ್ಲಿ ಹೆಚ್ಚಿಸಿದೆ. ಬಣ್ಣ ತೆಗೆದೆ, ನೆರಳು ಕಪ್ಪು ಮಾಡಿದೆ, ಕೂದಲ ಬುಡಗಳು ಮುಳ್ಳಿನಂತೆ ನಿಲ್ಲುವವರೆಗೆ ಚೂಪು ಮಾಡಿದೆ. ದೊಡ್ಡ ಹಾಳೆಯಲ್ಲಿ ಪ್ರಿಂಟು ತೆಗೆದು ಗೋಡೆಗೆ ಆನಿಸಿದರೆ ಅದು ಮುಖವೆಂದು ಹೇಳಲು ಸಾಕ್ಷಿ ಬೇಕಾಗುತ್ತಿತ್ತು.

ಆಮೇಲೆ ಮುಖವನ್ನು ಮೂಗಿನ ಗೆರೆಯಲ್ಲಿ ಕತ್ತರಿಸಿದೆ. ಬಲ ಅರ್ಧವನ್ನು ತಿರುಗಿಸಿ ಬಲಕ್ಕೇ ಅಂಟಿಸಿದಾಗ ಎರಡು ಬಲಗೆನ್ನೆಯ ಒಬ್ಬ ಹುಟ್ಟಿದ. ಅವನಿಗೆ ಬಲವಂತ ಎಂದು ಹೆಸರಿಟ್ಟೆ. ಎಡವನ್ನು ಎಡಕ್ಕೆ ಅಂಟಿಸಿದಾಗ ಎದ್ದು ಬಂದವನು ಎಡವಟ್ಟು. ಬಲವಂತ ನಗುತ್ತಿದ್ದ; ಎರಡೂ ಕಡೆ ಒಂದೇ ಅಳತೆಯ ನಗು. ಬ್ಯಾಂಕಿನಿಂದ ಸಾಲ ಬೇಕಾ ಎಂದು ಫೋನು ಮಾಡುವವರ ದನಿಯನ್ನು ಅವನಿಗೆ ಕೊಟ್ಟೆ. "ಜೋಸ್ವಿನ್ ಸರ್, ಹೇಗಿದ್ದೀರಿ, ಊಟ ಆಯಿತೇ?" ಎಂದು ಅವನು ಕೇಳುತ್ತಿದ್ದ, ನಾನೇ ಕೇಳಿ ನಾನೇ ಆಯಿತು ಎನ್ನುತ್ತಿದ್ದೆ. ಎಡವಟ್ಟಿಗೆ ಯಾವ ದನಿಯೂ ಹೊಂದಲಿಲ್ಲ. ಅವನು ಕಣ್ಣು ತೆರೆದುಕೊಂಡೇ ನಿದ್ದೆ ಹೋದವನಂತೆ ನನ್ನನ್ನು ನೋಡುತ್ತಿದ್ದ. ನಲವತ್ತು ಜನರ ದನಿ ಬಲ್ಲ ನಾನು ಅವನೆದುರು ಸುಮ್ಮನೆ ಕೂರುತ್ತಿದ್ದೆ. ಎಷ್ಟೋ ದಿನ ಮೂರು ಗಂಟೆ ಹಾಗೆಯೇ ಕಳೆದುಹೋಗುತ್ತಿತ್ತು.

ಒಂದು ದಿನ ಕದೀಜಕ್ಕ ಬೇಗ ಬಂದು ಶಟರಿನಡಿ ಬಗ್ಗಿ ಒಳಗೆ ನುಗ್ಗಿದಳು.

"ಎಂತದ್ದು ಮಾರಾಯ್ರೆ ಇದು? ಹಲಸಿನ ಹಣ್ಣಿನ ಸಿಪ್ಪೆಯಾ?"

"ನನ್ನ ಗಲ್ಲ."

"ಯಾ ಅಲ್ಲಾ! ಗಿರಾಕಿಗಳು ಕಂಡ್ರೆ ಇಕಾಮಾವೂ ಬೇಡ, ಫೋಟೋವೂ ಬೇಡ ಅಂತ ಊರಿಗೆ ಓಡ್ತಾರೆ." ಆಮೇಲೆ ನಿಧಾನವಾಗಿ ಒಂದೊಂದನ್ನೇ ನೋಡಿದಳು. "ಮನೆಗೆ ಹೇಳಿದ್ರಾ?"

"ಹೇಳ್ತೇನೆ."

"ಯಾವಾಗ? ಬಾಯಿ ಸರಿ ಆದ ಮೇಲೆಯಾ? ಆಗ ಹೇಳ್ಲಿಕ್ಕೆ ಎಂತ ಉಳೀತದೆ?"

ಕುಮ್ಗಾರ್ ಆದ ಮಾರನೆಯ ದಿನ ವೆಲಿಟಾ ಕುಟುಂಬದ ಫೋಟೋ ಕಳುಹಿಸಿದಳು. ಇಗರ್ಜಿಯ ಮೆಟ್ಟಿಲ ಮೇಲೆ ತೆಗೆದದ್ದು. ಎಡತುದಿಯಲ್ಲಿ ವೆಲಿಟಾ, ಬಲತುದಿಯಲ್ಲಿ ಬಿಳಿ ಫ್ರಾಕು, ತಲೆಗೆ ಹೂವಿನ ಬಳೆ ತೊಟ್ಟ ಕ್ರಿಸ್ಟಿನಾ. ನಡುವೆ ಒಬ್ಬ ಮನುಷ್ಯನಷ್ಟು ಖಾಲಿ. ಗಲ್ಫಿನ ಮನೆಗಳಲ್ಲಿ ಇದು ಹೊಸತಲ್ಲ. ಮದುವೆ, ನಾಮಕರಣಕ್ಕೆ ಬರಲಾಗದವನಿಗೆ ಜಾಗ ಬಿಟ್ಟು ನಿಲ್ಲುತ್ತಾರೆ. ಆಮೇಲೆ ಅವನ ಫೋಟೋ ತರಿಸಿ ಅಲ್ಲಿ ಕೂರಿಸುತ್ತಾರೆ. ನಾನೇ ಅಂಥ ಐವತ್ತು ಗಂಡಂದಿರನ್ನು ಅವರವರ ಹೆಂಡತಿಯರ ಪಕ್ಕ ನಿಲ್ಲಿಸಿದವನು.

"ಫೋಟೋದವನು ತಾನೇ ಮಾಡ್ತೇನೆ ಅಂದ," ಎಂದು ವೆಲಿಟಾಳ ವಾಯ್ಸ್ ಮೆಸೇಜು. "ನನ್ನ ಗಂಡನನ್ನು ನನ್ನ ಗಂಡನೇ ಕೂರಿಸಲಿ ಅಂದೆ. ಬೇಗ ಕಳಿಸು, ಫ್ರೇಮ್ ಹಾಕಿಸ್ಬೇಕು. ಒಳ್ಳೆ ಮುಖ ಹಾಕು, ಆಯ್ತಾ?"

ಒಳ್ಳೆಯ ಮುಖ ನನ್ನಲ್ಲಿ ಒಂದೇ ಇತ್ತು. ನಾಲ್ಕು ಮಧ್ಯಾಹ್ನ ಕೂತು ಬಲವಂತನನ್ನು ಆ ಖಾಲಿಗೆ ಇಳಿಸಿದೆ. ಮೈ ಕಳೆದ ವರ್ಷದ ಸಂಘದ ಕಾರ್ಯಕ್ರಮದ್ದು, ಸೂಟು ತೊಟ್ಟು ಎರಡೂ ಕೈ ಹಿಂದೆ ಕಟ್ಟಿ ನಿಂತದ್ದು. ಶಿರ್ವದ ಬೆಳಗ್ಗೆ ಹತ್ತರ ಬಿಸಿಲನ್ನು ಭುಜದ ಮೇಲೆ ಹಾಕಿದೆ, ಮೆಟ್ಟಿಲ ಮೇಲೆ ನೆರಳು ಬೀಳಿಸಿದೆ. ಕ್ರಿಸ್ಟಿನಾಳ ಒಂದು ಕೈಯಲ್ಲಿ ಮೇಣದಬತ್ತಿ. ಇನ್ನೊಂದು ಕೈ ಖಾಲಿಯ ಕಡೆಗೆ ಚಾಚಿಕೊಂಡು, ಬೆರಳು ಅರ್ಧ ಮಡಚಿ, ವಿಚಿತ್ರವಾಗಿ ಗಾಳಿಯಲ್ಲಿತ್ತು. ಮಕ್ಕಳು ಕ್ಯಾಮೆರಾ ಕಂಡರೆ ಹೀಗೆಯೇ, ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಅವಳದೇ ಬೇರೆ ಫೋಟೋದಿಂದ ಫ್ರಾಕಿನ ಮೇಲೆ ಅಚ್ಚುಕಟ್ಟಾಗಿ ಇಟ್ಟ ಕೈ ತಂದು ಅದನ್ನೂ ತಿದ್ದಿದೆ. ತೇಪೆ ಹಾಕಿದ್ದು ನನಗೇ ಗೊತ್ತಾಗುತ್ತಿರಲಿಲ್ಲ.

ಕದೀಜಕ್ಕನಿಗೆ ತೋರಿಸಿದೆ. "ಚಂದ ಉಂಟು," ಎಂದಳು. "ಇವರನ್ನು ನಾನು ಬ್ಯಾಂಕಿನ ಬೋರ್ಡಿನಲ್ಲಿ ಕಂಡ ಹಾಗೆ ಉಂಟು."

ಕಳುಹಿಸಿದೆ. ಎರಡು ನೀಲಿ ಗೆರೆ ಬಿದ್ದವು. ಆ ದಿನ ಉತ್ತರ ಬರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ವೆಲಿಟಾ ಬರೆದಳು: 'ಫೋಟೋ ಒಳ್ಳೆದಾಗಿದೆ. ನಿನ್ನನ್ನು ನೋಡಿದ್ರೆ ನಿನ್ನ ಹಾಗೆ ಇರುವ ಬೇರೆ ಯಾರನ್ನೋ ನೋಡಿದ ಹಾಗೆ ಆಗ್ತದೆ. ನನಗೇ ಹಾಗೇನೋ. ಇವಳು ಮಾತ್ರ ನಿನ್ನೆಯಿಂದ ಮುಖ ಊದಿಸಿಕೊಂಡು ಕೂತಿದ್ದಾಳೆ. ಎಂತ ಅಂತ ನೀನೇ ಕೇಳು.'

ಅದರ ಬೆನ್ನಿಗೇ ಮಗಳ ದನಿ.

"ಡ್ಯಾಡಿ, ನನ್ನ ಕೈ ಎಲ್ಲಿ? ಫೋಟೋ ಅಂಕಲ್ ಕೈ ಕೆಳಗೆ ಬಿಡು ಬಿಡು ಅಂತ ಬೈದ್ರು. ನಾನು ಬಿಡ್ಲೇ ಇಲ್ಲ. ನೋವಾಯ್ತು, ಆದ್ರೂ ಹಾಗೇ ಇಟ್ಟೆ. ನೀನು ಹಿಡ್ಕೊಳ್ಳಿಕ್ಕೆ ಇಟ್ಟದ್ದು. ನೀನು ಹಿಡ್ಕೊಳ್ಳದೆ ತೆಗೆದೇ ಬಿಟ್ಟಿದ್ದೀ."

ಹದಿಮೂರು ಸೆಕೆಂಡಿನ ಮೆಸೇಜು. ಎಷ್ಟು ಸಲ ಕೇಳಿದೆನೋ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಹಿಡಿಯುತ್ತಿದ್ದ ನನಗೆ ಆ ದನಿಯನ್ನು ಹಿಡಿಯಲಾಗಲಿಲ್ಲ. ಮೂಲ ಫೋಟೋ ತೆರೆದು ಆ ಕೈಯನ್ನು ದೊಡ್ಡದು ಮಾಡಿದೆ. ಬೆರಳುಗಳ ನಡುವೆ ಒಂದು ದೊಡ್ಡ ಕೈ ಹಿಡಿಸುವಷ್ಟು ಜಾಗವನ್ನು ಅಳತೆ ಮಾಡಿದಂತೆ ಬಿಟ್ಟಿದ್ದಳು. ನಾಲ್ಕು ದಿನ ಅದರ ಪಕ್ಕದಲ್ಲೇ ಕೂತು ನಾನು ನನ್ನ ಮುಖವನ್ನೇ ನೋಡುತ್ತಿದ್ದೆ.

ಕೈ ಚಾಚಿ ನಿಂತ ನನ್ನ ಫೋಟೋ ಒಂದೂ ಇರಲಿಲ್ಲ. ಮಾರನೆಯ ಬೆಳಗ್ಗೆ ಸ್ಟುಡಿಯೋ ಬಾಗಿಲು ತೆರೆಯುವ ಮೊದಲೇ ಕದೀಜಕ್ಕನಿಗೆ ಫೋನು ಮಾಡಿ ಬರಹೇಳಿದೆ.

"ನಾನು ಹೆಂಗಸರದ್ದೇ ತೆಗೆಯುವುದು," ಎಂದಳು, ಕ್ಯಾಮೆರಾದ ಹಿಂದೆ ನಿಂತು. "ಇವತ್ತಿಗೆ ನಿಮ್ಮನ್ನೂ ಹೆಂಗಸು ಅಂತ ಲೆಕ್ಕ ಹಿಡೀತೇನೆ. ಕೈಯಲ್ಲಿ ಎಂತ ಹಿಡಿಯುವುದು?"

ಮಗುವಿನ ಕೈಯ ದಪ್ಪಕ್ಕೆ ಹೊಂದುವ ಯಾವುದೂ ಸಿಗದೆ ನೆಲ ಒರೆಸುವ ಕೋಲಿಗೆ ಟವೆಲು ಸುತ್ತಿ ಸ್ಟೂಲಿಗೆ ಆನಿಸಿ ನಿಲ್ಲಿಸಿದೆವು. ನಾನು ಅದನ್ನು ಹಿಡಿದುಕೊಂಡು ನಿಂತೆ.

"ಕುವೈತಿನಲ್ಲಿ ಕೋಲನ್ನು ಇಷ್ಟು ಪ್ರೀತಿಯಲ್ಲಿ ಹಿಡಿದವರು ನೀವೊಬ್ಬರೇ. ಈಚೆ ನೋಡಿ. ನಗಿ."

"ಅರ್ಧವೇ ಬರುವುದು, ಕದೀಜಕ್ಕ."

"ಬಂದಷ್ಟು ನಗಿ."

ಮಧ್ಯಾಹ್ನದ ವಿರಾಮದಲ್ಲಿ ಹೊಸ ಫೋಟೋ ಕೂರಿಸಲು ಒಂದು ಗಂಟೆಯೂ ಹಿಡಿಯಲಿಲ್ಲ. ಅವಳ ಕೈ ಮೊದಲು ಇದ್ದಲ್ಲಿಗೆ ಬಂತು, ನನ್ನದು ಅದರೊಳಗೆ ಹೋಯಿತು. ಮುಖದ ಮೇಲೆ ಮೌಸು ಎರಡು ಸಲ ಹೋಗಿ ನಿಂತಿತು. ಒಂದು ಕತ್ತರಿ, ಒಂದು ತಿರುವು, ಬಲವಂತ ಸಿದ್ಧನಾಗಿಯೇ ಇದ್ದ. ಮುಖವನ್ನು ಮುಟ್ಟದೆ ಸೇವ್ ಮಾಡಿ ಮುಚ್ಚಿದೆ. ಆದರೆ ಆ ಮುಖವನ್ನು ಮುನ್ಸೂಚನೆ ಇಲ್ಲದೆ ಎಂಟು ವರ್ಷದ ಹುಡುಗಿಗೆ ಕಳುಹಿಸುವುದು ಹೇಗೆ? ಕಣ್ಣು, ತುಟಿ, ಬೆವರು ಎಲ್ಲವನ್ನೂ ಅಂಗಿಯ ತೋಳಿನಿಂದ ಒರೆಸಿಕೊಂಡು ವಿಡಿಯೋ ಕಾಲ್ ಒತ್ತಿದೆ. ಅಲ್ಲಿ ಸಂಜೆ ನಾಲ್ಕೂವರೆ; ಶಾಲೆಯಿಂದ ಬಂದಿರುತ್ತಾಳೆ.

ಎತ್ತಿದವಳು ಕ್ರಿಸ್ಟಿನಾಳೇ. ಅವಳು ಫೋನನ್ನು ಯಾವಾಗಲೂ ಮೂಗಿಗೇ ಹಿಡಿಯುವುದು. ಪರದೆಯ ತುಂಬ ಒಂದು ಕಣ್ಣು, ಅರ್ಧ ಮೂಗು, ಬಿಸ್ಕೆಟಿನ ಪುಡಿ.

"ಕ್ಯಾಮೆರಾ ಸರಿಯಾಯ್ತಾ?" ಎಂದಳು. ಕಣ್ಣು ಹಿಂದೆ ಸರಿದು ಮುಖವಾಯಿತು. "ಡ್ಯಾಡಿ, ಇದು ಯಾರದ್ದು ನಕಲು?"

"ಯಾರದ್ದೂ ಅಲ್ಲ. ನನ್ನದೇ."

ಅವಳು ನಗಲಿಲ್ಲ, ಅಳಲೂ ಇಲ್ಲ. "ಹತ್ತಿರ ಬಾ," ಎಂದಳು. ಫೋನನ್ನು ಹತ್ತಿರ ತಂದೆ. "ಇನ್ನೂ ಹತ್ತಿರ." ತಂದೆ. "ಕಣ್ಣು ಮುಚ್ಚು."

ಮುಚ್ಚಿದೆ.

"ಮುಚ್ಚಲಿಲ್ಲ. ಒಂದು ನನ್ನನ್ನೇ ನೋಡ್ತಾ ಉಂಟು." ಫೋನನ್ನು ಮತ್ತೆ ಮೂಗಿನವರೆಗೆ ತಂದು ಆ ಕಣ್ಣನ್ನೇ ನೋಡಿದಳು. ಆಮೇಲೆ, "ಮಮ್ಮೀ! ಡ್ಯಾಡಿಗೆ ಎಂತದೋ ಆಗಿದೆ!"

ಫೋನು ಕೈ ಬದಲಾಯಿಸಿತು. ವೆಲಿಟಾ ನೋಡಿದಳು. ಕಫೀಲ್, ಹಲ್ಲು, ಕ್ಯಾಮೆರಾ, ಒಂದೊಂದು ಸುಳ್ಳೂ ಒಂದರ ಹಿಂದೆ ಒಂದು ಅವಳ ಕಣ್ಣಿನಲ್ಲಿ ಬಿಚ್ಚಿಕೊಳ್ಳುವುದು ಕಂಡಿತು.

"ಎಷ್ಟು ದಿನ ಆಯ್ತು?"

"ಇಪ್ಪತ್ತು."

"ಇಪ್ಪತ್ತು ದಿನ," ಎಂದಳು. ಬೈಯುತ್ತಾಳೆಂದು ಕಾದೆ. ಬೈದರೆ ಸುಲಭವಿತ್ತು. ಅವಳ ಬೈಗುಳದ ನಕಲು ನನಗೆ ಚೆನ್ನಾಗಿ ಬರುತ್ತದೆ, ಎಷ್ಟೋ ಸಲ ಅದರಿಂದಲೇ ಅವಳನ್ನು ನಗಿಸಿದ್ದೇನೆ. ಅವಳು ಬೈಯಲಿಲ್ಲ.

"ಆ ಕಣ್ಣು ಮುಚ್ಚುವುದಿಲ್ಲ ಅಂದ್ಲಲ್ಲ ಇವಳು. ರಾತ್ರಿ ಮಲಗುವಾಗ?"

"ಟೇಪು ಹಚ್ಚುತ್ತೇನೆ. ರೆಪ್ಪೆ ಕೆಳಗೆಳೆದು."

"ಯಾರು ಹಚ್ಚುವುದು?"

"ನಾನೇ."

"ಕನ್ನಡಿ ನೋಡಿಯಾ?"

"ಹೂಂ. ಕೊನೆಗೆ ಕಾಣುವುದಿಲ್ಲ. ಅಂದಾಜಿಗೆ ಅಂಟಿಸುವುದು."

ವೆಲಿಟಾ ಸೆರಗಿನಿಂದ ಫೋನಿನ ಗಾಜನ್ನು ಒರೆಸಿದಳು. ಒಂದು ಕ್ಷಣ ಪರದೆಯ ತುಂಬ ಬಟ್ಟೆ. ಮತ್ತೆ ಕಾಣಿಸಿಕೊಂಡಾಗ ಹೇಳಿದಳು: "ಇವತ್ತು ಮಲಗುವ ಮೊದಲು ಫೋನು ಮಾಡು. ಅಂದಾಜಿಗೆ ಬೇಡ. ನಾನು ನೋಡಿ ಹೇಳ್ತೇನೆ, ಮೇಲೆ, ಕೆಳಗೆ ಅಂತ."